ಗ್ಲೆನ್‌ಕೊಲಂಕಿಲ್: ಐರ್ಲೆಂಡಿನ ಒಂದು ಹಳ್ಳಿಗಾಡಿನ ಪ್ಯಾರಿಷ್

ಐರ್ಲೆಂಡ್ ದೇಶದ ಹಳ್ಳಿಗಾಡಿನವರನ್ನು ಅವರ ಊರಾವುದೆಂದು ಕೇಳಿದರೆ, ಅವರು ಮೊದಲು ತಮ್ಮ ಜಿಲ್ಲೆಯ ಹೆಸರನ್ನೂ ಬಳಿಕ ತಮ್ಮ ಪ್ಯಾರಿಷ್ಷಿನ ಹೆಸರನ್ನೂ ಹೇಳುವುದುಂಟು. ಪ್ಯಾರಿಷ್ ಎಂಬುದನ್ನು ನಮ್ಮ ಕಡೆಯ ಕಥೋಲಿಕ ಕ್ರೈಸ್ತರು 'ವಿಚಾರಣೆ' ಎಂದು ಕರೆಯುವರು. ಒಬ್ಬ ಗುರುವಿನ ವಿಚಾರಣೆಗೆ ಒಳಪಟ್ಟ ಕುಟುಂಬಗಳ ಸಮೂಹವೆಂದೂ ಆ ಕುಟುಂಬಗಳು ವಾಸಿಸುವ ನೆಲವೆಂದೂ ಅದಕ್ಕೆ ಎರಡು ಅರ್ಥಗಳು ಸಲ್ಲುತ್ತವೆ. ಐರ್ಲೆಂಡಿನಲ್ಲಿ ಈ ಎರಡರ ಮೇಲೆ ಮೂರನೆಯ ಅರ್ಥವೊಂದು ಬೆಳೆದು ಬಂದಿದೆ. ಒಂದೇ ಸಮಾಧಿಭೂಮಿಯಲ್ಲಿ ತಮ್ಮ ಹಿರಿಯರನ್ನು ಮಣ್ಣು ಮಾಡಿದವರು, ಒಂದೇ ಶಾಲೆಯಲ್ಲಿ ಅಕ್ಷರ ಕಲಿತವರು, ಒಂದೇ ಕಾಲ್ಚೆಂಡಿನ ತಂಡದ ಸೋಲುಗೆಲುವುಗಳನ್ನು ತಮ್ಮದೆಂದೆಣಿಸುವವರು, ಇವರೆಲ್ಲರೂ 'ನಮ್ಮವರು' ಎಂಬ ಭಾವವೇ ಆ ಮೂರನೆಯ ಅರ್ಥ.

ಈ ಸಂಚಿಕೆಯನ್ನೋದುವ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ವಿವಾಹದ ನಿಮಿತ್ತವಾಗಿಯೋ ಉದ್ಯೋಗದ ನಿಮಿತ್ತವಾಗಿಯೋ ಹುಟ್ಟಿದೂರನ್ನು ಬಿಟ್ಟು ದೂರದಲ್ಲಿ ನೆಲಸಿರುವರು. ಜನರು ಬಿಟ್ಟು ಹೋಗುತ್ತಿದ್ದರೂ ಒಂದು ಊರು ತನ್ನತನವನ್ನು ಉಳಿಸಿಕೊಳ್ಳುವ ಬಗೆ ಯಾವುದು ಎಂಬ ಪ್ರಶ್ನೆಯು ಆದಕಾರಣ ನಮಗೆಲ್ಲರಿಗೂ ಸಂಬಂಧಪಟ್ಟುದು. ಈ ಪ್ರಶ್ನೆಯನ್ನು ನೂರಾರು ವರ್ಷಗಳ ಕಾಲ ಎದುರಿಸಿದ ಗ್ಲೆನ್‌ಕೊಲಂಕಿಲ್ ಎಂಬ ಪ್ಯಾರಿಷ್ಷಿನ ವೃತ್ತಾಂತವನ್ನು ನಾವು ಇಲ್ಲಿ ವಿವರಿಸಹೊರಟಿರುವೆವು. ಐರ್ಲೆಂಡ್ ನಮಗೆ ತೀರ ಅಪರಿಚಿತವಾದ ದೇಶವೂ ಅಲ್ಲ. ಬೆಂಗಳೂರಿನ ದಂಡಿನಲ್ಲಿದ್ದ ಐರಿಷ್ ಸಿಪಾಯಿಗಳ ಸಲುವಾಗಿ ಕಟ್ಟಿದ ಸಂತ ಪ್ಯಾಟ್ರಿಕ್ಕರ ದೇವಾಲಯವನ್ನು ನಮ್ಮ ವಾಚಕರಲ್ಲಿ ಹಲವರು ಕಂಡಿರಬೇಕು. ಆ ಸಿಪಾಯಿಗಳು ಬಿಟ್ಟು ಬಂದ ಹಳ್ಳಿಗಳು ಎಂಥವೆಂಬುದನ್ನು ಈ ಲೇಖನದಿಂದ ಸ್ವಲ್ಪಮಟ್ಟಿಗೆ ಊಹಿಸಿಕೊಳ್ಳಬಹುದು.

ನೆಲದ ಸ್ವರೂಪ

ಐರ್ಲೆಂಡಿನ ವಾಯವ್ಯದ ಮೂಲೆಯಲ್ಲಿ ಡಾನಿಗಾಲ್ ಎಂಬ ಜಿಲ್ಲೆಯಿದೆ. ಅದರ ನೈಋತ್ಯ ಭಾಗವು ಅಟ್ಲಾಂಟಿಕ್ ಮಹಾಸಾಗರದೊಳಕ್ಕೆ ಚಾಚಿಕೊಂಡಿರುವುದು. ಆ ಚಾಚಿನ ತುದಿಯಲ್ಲಿ, ಸಮುದ್ರಕ್ಕೆ ತೆರೆದುಕೊಂಡ ಕಣಿವೆಯೇ ಗ್ಲೆನ್‌ಕೊಲಂಕಿಲ್. ಪ್ಯಾರಿಷ್ಷಿನ ದಕ್ಷಿಣದಂಚಿನಲ್ಲಿರುವ ಸ್ಲೀವ್ ಲೀಗ್ ಪರ್ವತವು ಸುಮಾರು 600 ಮೀಟರು ಎತ್ತರದಿಂದ ನೇರವಾಗಿ ಕಡಲಿಗಿಳಿಯುತ್ತದೆ. ಯೂರೋಪು ಖಂಡದ ಅತ್ಯುನ್ನತ ಕಡಲ ಪ್ರಪಾತಗಳಲ್ಲಿ ಅದೂ ಒಂದು. ಪಡುವಣ ಗಾಳಿಯು ವರ್ಷವಿಡೀ ಮೋಡಗಳನ್ನು ತಂದು ಈ ಬೆಟ್ಟಗಳ ಮೇಲೆ ಸುರಿಸುತ್ತದೆ. ಗಾಳಿಯ ರಭಸಕ್ಕೆ ಮರಗಳು ಬೆಳೆಯುವುದು ಕಷ್ಟ. ಹಳೆಯ ಮನೆಗಳ ಹುಲ್ಲುಮಾಡನ್ನು ಹಗ್ಗಗಳಿಂದ ಬಿಗಿದು, ಗೋಡೆಗೆ ನಾಟಿದ ಕಲ್ಲಿನ ಗೂಟಗಳಿಗೆ ಕಟ್ಟುತ್ತಿದ್ದುದು ಇದೇ ಕಾರಣದಿಂದ.

ಬೆಟ್ಟದ ಇಳಿಜಾರುಗಳನ್ನೆಲ್ಲ ಕಂಬಳಿಯಂತೆ ಹೊದ್ದುಕೊಂಡಿರುವ ಕಪ್ಪು ಜೌಗು ನೆಲವು ಈ ಪ್ರದೇಶದ ಮುಖ್ಯ ಲಕ್ಷಣ. ಸದಾ ನೀರಿನಿಂದ ತೊಯ್ದ ನೆಲದಲ್ಲಿ ಸತ್ತ ಪಾಚಿ ಮತ್ತು ಹುಲ್ಲುಗಳಿಗೆ ಗಾಳಿ ತಗಲುವುದಿಲ್ಲ. ಆದುದರಿಂದ ಅವು ಪೂರ್ತಿಯಾಗಿ ಕೊಳೆಯದೆ ಪದರದ ಮೇಲೆ ಪದರವಾಗಿ ಕೂಡಿಕೊಂಡು, ಸಾವಿರಾರು ವರ್ಷಗಳಲ್ಲಿ ಹಲವು ಅಡಿಗಳ ದಪ್ಪಕ್ಕೆ ಬೆಳೆಯುತ್ತವೆ. ಇದಕ್ಕೆ ಪೀಟ್ ಎಂದು ಹೆಸರು. ವಸಂತ ಕಳೆಯುವ ವೇಳೆಗೆ ಜನರು ಅದನ್ನು ಉದ್ದನೆಯ ಗುದ್ದಲಿಯಿಂದ ಇಟ್ಟಿಗೆಗಳಂತೆ ಕೊಯ್ದು, ಬಿಸಿಲಿಗೂ ಗಾಳಿಗೂ ಒಡ್ಡಿ ಒಣಗಿಸಿ, ಚಳಿಗಾಲದ ಒಲೆಗೆಂದು ಮನೆಯ ಬದಿಯಲ್ಲಿ ಒಟ್ಟುವರು. ಸೌದೆಯಿಲ್ಲದ ನಾಡಿನಲ್ಲಿ ಅಡಿಗೆಗೂ ಬೆಚ್ಚನೆಗೂ ಇದೇ ಆಧಾರವಾಗಿತ್ತು. ಒಂದು ಮನೆಯವರು ಮಾತ್ರ ಈ ಕೆಲಸವನ್ನು ಪೂರೈಸಲಾರರು. ನೆರೆಯವರು ಕೂಡಿ ಇಂದು ಒಬ್ಬರ ಪೀಟನ್ನೂ ನಾಳೆ ಇನ್ನೊಬ್ಬರದನ್ನೂ ಕೊಯ್ಯುವ ಪದ್ಧತಿಗೆ ಐರಿಷ್ ಭಾಷೆಯಲ್ಲಿ 'ಮೆಹೆಲ್' ಎನ್ನುವರು. ನಮ್ಮ ರೈತರ ಮುಯ್ಯಾಳು ಎಂಬ ಮಾತು ಅದಕ್ಕೆ ಚೆನ್ನಾಗಿ ಒಪ್ಪುತ್ತದೆ.

ಕಲ್ಲುಗಳೂ ಸಂತನೂ

ಈ ಕಣಿವೆಯಲ್ಲಿ ಮನುಷ್ಯರು ಕ್ರಿಸ್ತಪೂರ್ವ ನಾಲ್ಕನೆಯ ಸಹಸ್ರಮಾನದಷ್ಟು ಹಿಂದೆಯೇ ಬೇಸಾಯ ಮಾಡಿಕೊಂಡಿದ್ದರೆಂಬುದಕ್ಕೆ ಮಾಲಿನ್‌ಮೋರ್ ಎಂಬ ಹಳ್ಳಿಯ ಬಳಿಯಿರುವ ಬೃಹತ್ ಶಿಲಾಸಮಾಧಿಗಳೇ ಸಾಕ್ಷಿ. ಹೆಬ್ಬಂಡೆಗಳನ್ನು ನಿಲ್ಲಿಸಿ ಅವುಗಳ ಮೇಲೆ ಚಪ್ಪಡಿ ಹೊದಿಸಿದ ಆರು ಸಮಾಧಿಗಳು ಅಲ್ಲಿ ಒಂದೇ ಸಾಲಿನಲ್ಲಿವೆ. ಕಣಿವೆಗೆ ಹೆಸರು ಬಂದುದಾದರೋ ಅವುಗಳಿಗಿಂತ ಬಹು ಈಚಿನವನಾದ ಒಬ್ಬ ಸಂತನಿಂದ. ಗ್ಲೆನ್ ಎಂದರೆ ಕಣಿವೆ. ಕೊಲಂಕಿಲ್ ಎಂದರೆ 'ದೇವಾಲಯದ ಪಾರಿವಾಳ'. ಲತೀನ್ ಭಾಷೆಯಲ್ಲಿ ಕೊಲುಂಬನೆಂದು ಪ್ರಸಿದ್ಧನಾದ ಈತನು 521ರ ಸುಮಾರಿನಲ್ಲಿ ಇದೇ ಡಾನಿಗಾಲ್ ಪ್ರಾಂತದ ರಾಜವಂಶವೊಂದರಲ್ಲಿ ಹುಟ್ಟಿ, 563ರಲ್ಲಿ ಸ್ಕಾಟ್ಲೆಂಡಿನ ಕಡೆಗೆ ಹೋಗಿ, ಐಯೋನಾ ದ್ವೀಪದಲ್ಲಿ ಮಠವನ್ನು ಸ್ಥಾಪಿಸಿ, 597ರಲ್ಲಿ ಅಲ್ಲಿಯೇ ದೈವಾಧೀನನಾದನು.

ಕೊಲುಂಬನು ಈ ಕಣಿವೆಯಲ್ಲಿ ವಾಸಿಸಿದನೆಂಬುದು ಐತಿಹ್ಯವೇ ಹೊರತು ದಾಖಲೆಯ ಮಾತಲ್ಲ. 1532ರಲ್ಲಿ ಮಾನಸ್ ಓ'ಡಾನೆಲ್ ಎಂಬ ಪ್ರಭುವು ಬರೆಯಿಸಿದ ಸಂತನ ಚರಿತ್ರೆಯಲ್ಲಿ ಆ ಕಥೆಯು ವಿಸ್ತಾರವಾಗಿ ಬರುತ್ತದೆ. ಸಂತ ಪ್ಯಾಟ್ರಿಕ್ಕನು ಓಡಿಸಿದ ದುರಾತ್ಮಗಳು ಬಂದು ಈ ಕಣಿವೆಯಲ್ಲಿ ಅಡಗಿ, ಯಾರೂ ಒಳಹೊಗದಂತೆ ದಟ್ಟವಾದ ಮಂಜನ್ನು ಕವಿಸಿದ್ದುವಂತೆ. ಕೊಲುಂಬನು ಬಂದು ತನ್ನ ಗಂಟೆಯನ್ನು ಅವುಗಳ ಮೇಲೆ ಬೀಸಿ ಕಡಲಿಗೆ ಅಟ್ಟಿದನಂತೆ. ಮಂಜು ಕವಿದು ತಿಳಿಯಾಗುವ ಆ ನೆಲವನ್ನು ಬಲ್ಲವರ ಬಾಯಲ್ಲಿ ಇಂಥ ಕಥೆ ಹುಟ್ಟಿದುದು ಸಹಜವಾಗಿಯೇ ಇದೆ.

ಕಥೆಯು ಹೇಗೇ ಇರಲಿ, ಸಂತನ ಹೆಸರಿನಲ್ಲಿ ನಡೆಯುವ ಯಾತ್ರೆಯು ಕಣ್ಣಾರೆ ಕಾಣುವ ಸಂಗತಿ. ಅದಕ್ಕೆ 'ತುರಸ್' ಎಂದು ಹೆಸರು. ಸಂತನ ಹಬ್ಬವಾದ ಜೂನ್ 9ರಂದು ಭಕ್ತರು ಸುಮಾರು ಮೂರು ಮೈಲಿಗಳ ದಾರಿಯಲ್ಲಿ 15 ನಿಲುಗಡೆಗಳನ್ನು ಪ್ರಾರ್ಥನಾಪೂರ್ವಕವಾಗಿ ಸುತ್ತುವರು. ಬರಿಗಾಲಿನಲ್ಲಿ ನಡೆಯುವುದು ಹಳೆಯ ಸಂಪ್ರದಾಯ. ಪ್ರದಕ್ಷಿಣೆಯು ಸೂರ್ಯನು ಚಲಿಸುವ ದಿಕ್ಕಿನಲ್ಲಿಯೇ ಆಗಬೇಕು. ನಿಲುಗಡೆಗಳಲ್ಲಿ ಕೆಲವು ಬರಿಯ ಕಲ್ಲುಗುಪ್ಪೆಗಳು. ಮತ್ತೆ ಕೆಲವು ಸಾವಿರಕ್ಕೂ ಹೆಚ್ಚು ವರ್ಷಗಳ ಹಿಂದೆ ಶಿಲುಬೆಯನ್ನೂ ಸುತ್ತುಹೆಣಿಗೆಯ ಚಿತ್ತಾರವನ್ನೂ ಕೆತ್ತಿದ ಚಪ್ಪಡಿಗಳು. ಪವಿತ್ರವಾದ ಒಂದು ಬಾವಿಗೆ ಏರುವಾಗ ಯಾತ್ರಿಕರು ಕಲ್ಲುಗಳನ್ನು ಹೊತ್ತೊಯ್ದು ಅಲ್ಲಿ ಹಾಕುವರು. ತಲೆಮಾರುಗಳಿಂದ ಹಾಗೆ ಕೂಡಿದ ಕಲ್ಲುಗಳು ಬಾವಿಯ ಸುತ್ತಲೂ ದೊಡ್ಡದೊಂದು ದಿಬ್ಬವಾಗಿ ನಿಂತಿವೆ. ಇನ್ನೊಂದು ವಿಶೇಷವನ್ನು ಇಲ್ಲಿ ಹೇಳಬೇಕು. ಕಥೋಲಿಕರ ಈ ಯಾತ್ರೆಯು ಪ್ರೊಟೆಸ್ಟೆಂಟ್ ಪಂಗಡದ ದೇವಾಲಯದ ಬಳಿಯಲ್ಲಿ, ಅದಕ್ಕಿಂತ ಸಾವಿರಾರು ವರ್ಷ ಹಳೆಯದಾದ ಒಂದು ಶಿಲಾಸಮಾಧಿಯಿಂದ ಆರಂಭವಾಗುತ್ತದೆ. ಮೂರು ಕಾಲದ ಮೂರು ಬಗೆಯ ಜನರಿಗೆ ಆ ತುಂಡು ನೆಲವು ಪವಿತ್ರವೆನಿಸಿತು.

ಹೆಸರುಗಳಲ್ಲಿ ಅಡಗಿದ ಚರಿತ್ರೆ

ಐರ್ಲೆಂಡಿನ ಕ್ರೈಸ್ತಸಭೆಯನ್ನು ಮೇತ್ರಾಣಿಗಳ ಪ್ರಾಂತಗಳಾಗಿ ವಿಂಗಡಿಸಿದುದು 1111 ಮತ್ತು 1152ರ ಧರ್ಮಸಭೆಗಳಲ್ಲಿ. ಆ ಬಳಿಕ ಪ್ಯಾರಿಷ್ಷುಗಳು ಕ್ರಮೇಣ ರೂಪುಗೊಂಡವು. ಪ್ಯಾರಿಷ್ಷಿಗಿಂತ ಚಿಕ್ಕದಾದ ಘಟಕವೊಂದಿದೆ. ಇಂಗ್ಲಿಷಿನಲ್ಲಿ ಅದಕ್ಕೆ ಟೌನ್‌ಲ್ಯಾಂಡ್ ಎನ್ನುವರು. ಇದರಲ್ಲಿ ಪಟ್ಟಣವೇನೂ ಇಲ್ಲ. ಕೆಲವೇ ಮನೆಗಳೂ ಅವುಗಳ ಹೊಲಗಳೂ ಸೇರಿದ ಕೇರಿಯಷ್ಟು ನೆಲ, ಅಷ್ಟೆ. ಇಂಥವು ದೇಶದಲ್ಲೆಲ್ಲ 60,000ಕ್ಕೂ ಮಿಕ್ಕಿ ಇವೆ, ಪ್ರತಿಯೊಂದಕ್ಕೂ ಒಂದು ಹೆಸರಿದೆ. ಗ್ಲೆನ್‌ಕೊಲಂಕಿಲ್ಲಿನಲ್ಲಿ ಕಾಷೆಲ್ ಎಂದರೆ ಕಲ್ಲಿನ ಕೋಟೆ. ಕ್ಯಾರಿಕ್ ಎಂದರೆ ಬಂಡೆ. ಮೋರ್ ಎಂದರೆ ದೊಡ್ಡದು, ಬೆಗ್ ಎಂದರೆ ಚಿಕ್ಕದು. 'ಮೀನ್' ಎಂದು ಮೊದಲಾಗುವ ಹೆಸರುಗಳು ಡಾನಿಗಾಲಿನಲ್ಲಿ ಹೇರಳವಾಗಿವೆ. ನಮ್ಮ ಮೀನಿಗೂ ಅದಕ್ಕೂ ಯಾವ ಸಂಬಂಧವೂ ಇಲ್ಲ. ಬೆಟ್ಟದ ನಡುವೆ ನುಣುಪಾಗಿ ಹಸುರಾಗಿರುವ ಹುಲ್ಲುಗಾವಲೆಂದು ಅದರರ್ಥ. ಎಲ್ಲಿ ದನ ಮೇಯಿಸಬಹುದು, ಎಲ್ಲಿ ದೋಣಿಯನ್ನು ದಡಕ್ಕೆ ತರಬಹುದು, ಎಲ್ಲಿ ಹಿಂದೆ ಶಿಲುಬೆ ನಿಂತಿತ್ತು ಎಂಬುದೆಲ್ಲವೂ ಈ ಹೆಸರುಗಳಲ್ಲಿಯೇ ಉಂಟು.

1607ರಲ್ಲಿ ಓ'ಡಾನೆಲ್ ಮೊದಲಾದ ದೇಶೀಯ ಪ್ರಭುಗಳು ಡಾನಿಗಾಲಿನ ತೀರದಿಂದ ಹಡಗೇರಿ ಯೂರೋಪಿಗೆ ಹೊರಟುಹೋದರು. ಭೂಮಿಯು ಇಂಗ್ಲಿಷರ ಕೈಸೇರಿತು, ರೈತರು ಗೇಣಿದಾರರಾದರು. 1695ರಿಂದ ಮುಂದೆ ಬಂದ ಕಾನೂನುಗಳು ಕಥೋಲಿಕರ ವಿದ್ಯೆಗೂ ಆಸ್ತಿಗೂ ಅಧಿಕಾರಕ್ಕೂ ಅಡ್ಡಿಯೊಡ್ಡಿದವು. 1829ರಲ್ಲಿ ಅವರಿಗೆ ಪಾರ್ಲಿಮೆಂಟಿನಲ್ಲಿ ಕುಳಿತುಕೊಳ್ಳುವ ಹಕ್ಕು ದೊರಕುವವರೆಗೆ ಆ ನಿರ್ಬಂಧಗಳು ಒಂದೊಂದಾಗಿಯೇ ಸಡಿಲಬೇಕಾಯಿತು. 1824ರಲ್ಲಿ ಆರಂಭವಾದ ಸರಕಾರದ ಭೂಮಾಪನದ ಕಾಲದಲ್ಲಿ ಊರ ಹೆಸರುಗಳನ್ನು ಇಂಗ್ಲಿಷ್ ಕಾಗುಣಿತಕ್ಕೆ ತಿರುಗಿಸಿ ನಕ್ಷೆಯಲ್ಲಿ ಬರೆದರು. ಆ ಕಾರ್ಯಕ್ಕಾಗಿ ಜಾನ್ ಓ'ಡಾನವನ್ ಎಂಬ ಪಂಡಿತನು 1835ರಲ್ಲಿ ಡಾನಿಗಾಲನ್ನು ಸುತ್ತಿ, ವೃದ್ಧರನ್ನು ವಿಚಾರಿಸಿ, ಹೆಸರುಗಳ ಮೂಲಾರ್ಥವನ್ನು ಬರೆದಿಟ್ಟನು. ನಕ್ಷೆಯು ಮರೆಸಿದುದನ್ನು ಅವನ ಕಾಗದಗಳು ಉಳಿಸಿದವು.

ಕ್ಷಾಮವೂ ವಲಸೆಯೂ

ಬಡ ಗೇಣಿದಾರನಿಗೆ ಸಣ್ಣ ತುಂಡು ನೆಲದಲ್ಲಿ ಸಂಸಾರವನ್ನು ಸಾಕಲು ಸಾಧ್ಯವಾಗಿದ್ದುದು ಆಲೂಗಡ್ಡೆಯಿಂದ. 1845ರಲ್ಲಿ ಒಂದು ಬಗೆಯ ಬೂಷ್ಟುರೋಗವು ಆ ಬೆಳೆಗೆ ತಗಲಿತು. ಮುಂದಿನ ವರ್ಷಗಳಲ್ಲಿ ಮತ್ತೆ ಮತ್ತೆ ಬಂದಿತು. ಗಡ್ಡೆಗಳು ನೆಲದೊಳಗೇ ಕೊಳೆತುಹೋದವು. ದೇಶದಲ್ಲಿ ಧಾನ್ಯವಿಲ್ಲದೆ ಇರಲಿಲ್ಲ. ಅದನ್ನು ಕೊಳ್ಳುವ ಶಕ್ತಿ ಬಡವರಿಗಿರಲಿಲ್ಲ, ಆ ಧಾನ್ಯವು ಹಡಗುಗಳಲ್ಲಿ ಹೊರಕ್ಕೆ ಹೋಗುತ್ತಲೂ ಇತ್ತು. ಹಸಿವಿನಿಂದಲೂ ಅದರ ಬೆನ್ನುಹತ್ತಿ ಬಂದ ಜ್ವರಗಳಿಂದಲೂ ಸುಮಾರು ಹತ್ತು ಲಕ್ಷ ಜನರು ಸತ್ತರು. ಅದಕ್ಕಿಂತ ಕಡಮೆಯಲ್ಲದಷ್ಟು ಜನರು ದೇಶವನ್ನು ಬಿಟ್ಟರು. 1841ರಲ್ಲಿ 81 ಲಕ್ಷಕ್ಕೆ ಮೇಲ್ಪಟ್ಟಿದ್ದ ಜನಸಂಖ್ಯೆಯು 1851ರಲ್ಲಿ ಸುಮಾರು 65 ಲಕ್ಷಕ್ಕೆ ಇಳಿಯಿತು. ಹೊರಗಿನಿಂದ ಮೊಟ್ಟಮೊದಲಿಗೆ ಬಂದ ಸಹಾಯಗಳಲ್ಲಿ ಒಂದು ನಮ್ಮ ದೇಶದ ಕಲ್ಕತ್ತೆಯಿಂದ 1846ರಲ್ಲಿ ಕೂಡಿಸಿ ಕಳುಹಿಸಿದ ಹಣವೆಂಬುದು ಸ್ಮರಣೀಯ.

ಕ್ಷಾಮವು ಮುಗಿದರೂ ವಲಸೆಯು ಮುಗಿಯಲಿಲ್ಲ. ಪಶ್ಚಿಮ ಡಾನಿಗಾಲಿನ ಎಳೆಯ ಮಕ್ಕಳನ್ನು ಕೂಲಿಸಂತೆಗಳಲ್ಲಿ ಆರಾರು ತಿಂಗಳ ಮಟ್ಟಿಗೆ ಪೂರ್ವದ ಫಲವತ್ತಾದ ಸೀಮೆಯ ರೈತರಿಗೆ ಒಪ್ಪಿಸುತ್ತಿದ್ದರು. ದೊಡ್ಡವರು ಆಲೂಗಡ್ಡೆ ಅಗೆಯುವುದಕ್ಕೆ ಸ್ಕಾಟ್ಲೆಂಡಿಗೆ ಹೋಗಿ ಚಳಿಗಾಲಕ್ಕೆ ಹಿಂದಿರುಗುತ್ತಿದ್ದರು. ಅಮೆರಿಕೆಗೆ ಹೋದವರು ಬಹುಮಟ್ಟಿಗೆ ಹಿಂದಿರುಗುತ್ತಲೇ ಇರಲಿಲ್ಲ. ಆದುದರಿಂದ ಹೊರಡುವ ಹಿಂದಿನ ರಾತ್ರಿ ನೆರೆಹೊರೆಯವರೆಲ್ಲ ಕೂಡಿ, ಸತ್ತವರ ಮನೆಯಲ್ಲಿ ಜಾಗರಣೆ ಮಾಡುವಂತೆಯೇ ಬೆಳಗಾಗುವ ತನಕ ಎಚ್ಚರವಿರುತ್ತಿದ್ದರು. 'ಅಮೆರಿಕೆಯ ಜಾಗರಣೆ' ಎಂದೇ ಅದಕ್ಕೆ ಹೆಸರಾಯಿತು.

ಈ ವೃತ್ತಾಂತದಲ್ಲಿ ಸ್ತ್ರೀಯರ ಪಾತ್ರವನ್ನು ನಮ್ಮ ವಾಚಕಿಯರು ವಿಶೇಷವಾಗಿ ಗಮನಿಸಬೇಕು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಯೂರೋಪಿನ ಇತರ ದೇಶಗಳಿಂದ ಮುಖ್ಯವಾಗಿ ಗಂಡಸರೇ ವಲಸೆ ಹೋಗುತ್ತಿದ್ದಾಗ, ಐರ್ಲೆಂಡಿನಿಂದ ಹೆಚ್ಚುಕಡಮೆ ಅವರಷ್ಟೇ ಸಂಖ್ಯೆಯ ಹೆಂಗಸರೂ ಹೋದರು. ಅವರಲ್ಲಿ ಬಹುಮಂದಿ ಅವಿವಾಹಿತೆಯರಾದ ತರುಣಿಯರು. ಅನ್ಯರ ಮನೆಗಳಲ್ಲಿ ಅಡಿಗೆ ಪಾತ್ರೆಗಳ ಕೆಲಸ ಮಾಡಿ ಉಳಿಸಿದ ಹಣದಿಂದ ಅವರು ತಮ್ಮ ತಂದೆಯ ಗೇಣಿಯನ್ನು ತೀರಿಸಿದರು, ತಂಗಿಗೆ ಹಡಗಿನ ಚೀಟಿಯನ್ನು ಕಳುಹಿಸಿದರು. ಊರಲ್ಲಿ ಉಳಿದ ಹೆಂಗಸರು ಉಣ್ಣೆ ನೂತು, ಕಾಲ್ಚೀಲ ಹೆಣೆದು, ಲಿನನ್ ಬಟ್ಟೆಗೆ ಕಸೂತಿ ಹಾಕಿ ಸಂಪಾದಿಸುತ್ತಿದ್ದರು. 1891ರಲ್ಲಿ ಪಡುವಣ ಬಡಸೀಮೆಗಳ ಸುಧಾರಣೆಗಾಗಿ ಸರಕಾರವು ನೇಮಿಸಿದ ಮಂಡಲಿಯು ಮೀನುಗಾರಿಕೆಗೂ ಮಗ್ಗದ ಕೆಲಸಕ್ಕೂ ಪ್ರೋತ್ಸಾಹ ಕೊಟ್ಟಿತು. 1903ರ ಭೂಶಾಸನದ ತರುವಾಯ ಬಹುಮಂದಿ ರೈತರು ತಾವು ಉಳುವ ನೆಲಕ್ಕೆ ತಾವೇ ಒಡೆಯರಾದರು.

ಭಾಷೆಯೂ ಶಾಲೆಯೂ

1831ರಲ್ಲಿ ಆರಂಭವಾದ ರಾಷ್ಟ್ರೀಯ ಶಾಲೆಗಳು ಬಡಮಕ್ಕಳಿಗೆ ಓದುಬರಹವನ್ನು ಕಲಿಸಿದವು. ಆದರೆ ಇಂಗ್ಲಿಷಿನಲ್ಲಿ ಮಾತ್ರ. ಮನೆಯಲ್ಲಿ ಐರಿಷ್ ಮಾತಾಡುವ ಮಗುವಿಗೆ ಪಾಠವೇ ಅರ್ಥವಾಗುತ್ತಿರಲಿಲ್ಲ. ಮಗುವಿನ ಕೊರಳಿಗೆ ಒಂದು ಕಡ್ಡಿಯನ್ನು ಕಟ್ಟಿ, ಅದು ಐರಿಷ್ ಮಾತಾಡಿದಾಗಲೆಲ್ಲ ಕಡ್ಡಿಯಲ್ಲಿ ಒಂದೊಂದು ಗೀರು ಹಾಕಿ, ದಿನದ ಕೊನೆಗೆ ಗೀರುಗಳಷ್ಟು ಪೆಟ್ಟು ಕೊಡುವ ಕ್ರೂರ ಪದ್ಧತಿಯೂ ಕೆಲವೆಡೆಗಳಲ್ಲಿ ನಡೆಯುತ್ತಿತ್ತು. ಇದಕ್ಕೆ ತಂದೆತಾಯಿಗಳೂ ಎಷ್ಟೋ ವೇಳೆ ಸಮ್ಮತಿಸಿದರು. ಮಗುವು ನಾಳೆ ಅಮೆರಿಕೆಗೆ ಹೋಗಬೇಕಾದುದು. ಅಲ್ಲಿ ಇಂಗ್ಲಿಷಿಲ್ಲದೆ ಅನ್ನವಿಲ್ಲ. ಬಡತನವು ಹೀಗೆ ತಾಯಿಯಿಂದಲೇ ತಾಯ್ನುಡಿಯನ್ನು ಬಿಡಿಸಿತು. ಐರಿಷ್ ಮಾತಾಡುವ ಸೀಮೆಗಳ ಶಾಲೆಗಳಲ್ಲಿ ಎರಡೂ ಭಾಷೆಗಳಿಂದ ಪಾಠ ಹೇಳುವ ಅನುಮತಿ ಬಂದುದು 1904ರಲ್ಲಿ.

ಕಡಲಂಚಿನ ದೂರದ ಪ್ಯಾರಿಷ್ಷುಗಳಲ್ಲಿ ಮಾತ್ರ ಭಾಷೆಯು ಬದುಕಿ ಉಳಿಯಿತು, ಗ್ಲೆನ್‌ಕೊಲಂಕಿಲ್ ಅವುಗಳಲ್ಲೊಂದು. 1935ರಲ್ಲಿ ಸ್ವತಂತ್ರ ಐರ್ಲೆಂಡಿನ ಸರಕಾರವು ಜಾನಪದವನ್ನು ಸಂಗ್ರಹಿಸಲು ಒಂದು ಮಂಡಲಿಯನ್ನು ಏರ್ಪಡಿಸಿತು. ಇದೇ ಪ್ಯಾರಿಷ್ಷಿನ ಟೀಲಿನ್ ಎಂಬ ಮೀನುಗಾರರ ಹಳ್ಳಿಯಲ್ಲಿ 1913ರಲ್ಲಿ ಹುಟ್ಟಿದ ಶಾನ್ ಓ ಹೋಹಿ ಎಂಬವರು ಆ ವರ್ಷವೇ ಅದರ ಸಂಗ್ರಾಹಕರಾಗಿ ಸೇರಿ, ಸುಮಾರು ಅರ್ಧಶತಮಾನದ ಕಾಲ ಡಾನಿಗಾಲಿನ ಮನೆಮನೆಗೂ ಹೋಗಿ, ಒಲೆಯ ಬದಿಯಲ್ಲಿ ಕುಳಿತು, ವೃದ್ಧರ ಕಥೆ, ಹಾಡು, ನಂಬಿಕೆಗಳನ್ನು ಬರೆದುಕೊಂಡರು. 2002ರಲ್ಲಿ ಅವರು ಕಾಲವಾದರು. 1937ರಿಂದ 1939ರವರೆಗೆ ಶಾಲೆಯ ಮಕ್ಕಳೂ ಈ ಕಾರ್ಯದಲ್ಲಿ ಭಾಗಿಗಳಾದರು. ದೇಶದ ಸುಮಾರು 5,000 ಶಾಲೆಗಳ ಹನ್ನೊಂದರಿಂದ ಹದಿನಾಲ್ಕು ವಯಸ್ಸಿನ ಮಕ್ಕಳು ತಮ್ಮ ಅಜ್ಜ ಅಜ್ಜಿಯರನ್ನೂ ನೆರೆಯವರನ್ನೂ ಕೇಳಿ, ಹೊಲದ ಹೆಸರು, ಮನೆಮದ್ದು, ಕ್ಷಾಮದ ನೆನಪು, ಬಾವಿಯ ಮಹಿಮೆ ಮುಂತಾದವನ್ನು ತಮ್ಮ ಕೈಬರಹದಲ್ಲಿ ಬರೆದರು. ಹಿಂದೆ ಮಕ್ಕಳಿಂದ ಊರ ನುಡಿಯನ್ನು ಮರೆಸಿದ ಶಾಲೆಯೇ, ನೂರು ವರ್ಷಗಳ ತರುವಾಯ ಅದನ್ನು ಅವರಿಂದ ಬರೆಯಿಸಿತು.

ಮ್ಯಾಕ್‌ಡಯರ್ ಗುರುಗಳ ಕಾಲ

1951ರಲ್ಲಿ ಜೇಮ್ಸ್ ಮ್ಯಾಕ್‌ಡಯರ್ ಎಂಬ ಗುರುಗಳು ಈ ಪ್ಯಾರಿಷ್ಷಿಗೆ ಬಂದರು. ಆ ಕಾಲದಲ್ಲಿ ದೇಶವೆಲ್ಲ ವಲಸೆಯಿಂದ ಬಡವಾಗುತ್ತಿತ್ತು. 1961ರ ಗಣತಿಯಲ್ಲಿ ಸ್ವತಂತ್ರ ಐರ್ಲೆಂಡಿನ ಜನಸಂಖ್ಯೆಯು ಸುಮಾರು 28 ಲಕ್ಷಕ್ಕೆ ಕುಗ್ಗಿತು. ಊರಿಗೆ ಐದು ಶಾಪಗಳಿವೆಯೆಂದು ಗುರುಗಳು ಎಣಿಸಿದರು: ವಿದ್ಯುಚ್ಛಕ್ತಿಯಿಲ್ಲ, ಕೊಳಾಯಿ ನೀರಿಲ್ಲ, ಒಳ್ಳೆಯ ರಸ್ತೆಯಿಲ್ಲ, ಔಷಧಾಲಯವಿಲ್ಲ, ಕೈಗಾರಿಕೆಯಿಲ್ಲ. ಉಪದೇಶದಿಂದ ಮಾತ್ರ ಯುವಕರನ್ನು ಊರಿನಲ್ಲಿ ನಿಲ್ಲಿಸಲಾಗದೆಂಬುದು ಅವರಿಗೆ ಮನವರಿಕೆಯಾಗಿತ್ತು. ಮೊದಲು ಊರವರ ಬಿಟ್ಟಿದುಡಿಮೆಯಿಂದಲೇ ಒಂದು ಸಭಾಮಂದಿರವೆದ್ದಿತು. ತರುವಾಯ ಬೆಳಕೂ ನೀರೂ ರಸ್ತೆಯೂ ಬಂದವು. ಸಹಕಾರ ಪದ್ಧತಿಯ ಮೇಲೆ ಹೆಣಿಗೆ, ನೇಯ್ಗೆ, ತರಕಾರಿ ಮತ್ತು ಮೀನುಗಳ ಸಂಸ್ಕರಣೆ ಮೊದಲಾದ ಉದ್ಯಮಗಳನ್ನು ಒಂದಾದಮೇಲೊಂದರಂತೆ ಪ್ರಯತ್ನಿಸಿದರು. 1967ರಲ್ಲಿ ಹದಿನೆಂಟು, ಹತ್ತೊಂಬತ್ತು ಮತ್ತು ಇಪ್ಪತ್ತನೆಯ ಶತಮಾನಗಳ ಹಳ್ಳಿಯ ಮನೆಗಳ ಮಾದರಿಗಳನ್ನು ಕಟ್ಟಿ, ಊರವರೇ ಕೊಟ್ಟ ಹಳೆಯ ಪಾತ್ರೆಪರಡಿ, ರಾಟೆ, ಗುದ್ದಲಿಗಳನ್ನು ಅವುಗಳಲ್ಲಿರಿಸಿ, ಒಂದು ಜಾನಪದ ಗ್ರಾಮವನ್ನು ಯಾತ್ರಿಕರಿಗಾಗಿ ತೆರೆದರು.

ಈ ಎಲ್ಲ ಯತ್ನಗಳೂ ಫಲಿಸಿದುವೆಂದು ಹೇಳಿದರೆ ಸತ್ಯಕ್ಕೆ ದೂರವಾದೀತು. ತೊಯ್ದ ಜೌಗುನೆಲದ ತರಕಾರಿಯು ದೂರದ ಪೇಟೆಯಲ್ಲಿ ಸ್ಪರ್ಧಿಸಿ ನಿಲ್ಲಲಾರದೆ ಹೋಯಿತು. ಸಹಕಾರ ಉದ್ಯಮಗಳಲ್ಲಿ ಕೆಲವು ನಷ್ಟಕ್ಕೆ ಗುರಿಯಾದವು. 1987ರಲ್ಲಿ ಗುರುಗಳು ತೀರಿಕೊಂಡಾಗಲೂ ಊರಿನಿಂದ ಹೊರಟುಹೋಗುವವರು ಇದ್ದೇ ಇದ್ದರು. ಆದರೆ ಊರು ತನ್ನ ಕೆಲಸವನ್ನು ತಾನೇ ಮಾಡಿಕೊಳ್ಳಬಲ್ಲುದೆಂಬ ಧೈರ್ಯವು ಉಳಿಯಿತು. 1984ರಲ್ಲಿ ಇದೇ ಕಣಿವೆಯಲ್ಲಿ ವಯಸ್ಕರಿಗೆ ಐರಿಷ್ ಭಾಷೆಯನ್ನು ಕಲಿಸುವ 'ಐಡಿಯಸ್ ಗೇಲ್' ಎಂಬ ಸಂಸ್ಥೆಯು ಹುಟ್ಟಿತು. ಅನೇಕ ದೇಶಗಳ ಜನರು ಭಾಷೆಯನ್ನರಸಿ ಅಲ್ಲಿಗೆ ಬರುತ್ತಾರೆ. ಒಂದು ಕಾಲದಲ್ಲಿ ದಾರಿದ್ರ್ಯದ ಗುರುತಾಗಿದ್ದ ನುಡಿಯೇ ಊರಿಗೆ ಅನ್ನವನ್ನು ಕೊಡುವಂತಾಯಿತು.

ಊರ ತನ್ನತನವೆಂದರೇನು?

ಇಷ್ಟನ್ನು ಹೇಳಿದ ಮೇಲೆ, ಮೊದಲು ಎತ್ತಿಕೊಂಡ ಪ್ರಶ್ನೆಗೆ ಉತ್ತರ ಹೇಳಬೇಕಾಗಿದೆ. ರಕ್ತಸಂಬಂಧವೊಂದೇ ಊರನ್ನು ಹಿಡಿದಿರಿಸಿತೆನ್ನಲಾಗದು, ಏಕೆಂದರೆ ರಕ್ತಸಂಬಂಧಿಗಳಲ್ಲಿ ಬಹುಪಾಲು ಜನರು ಕಡಲಾಚೆಗೆ ಹೋದರು. ಮತವೊಂದೇ ಎನ್ನಲೂ ಆಗದು. ಎರಡು ಪಂಗಡಗಳವರು ಅಲ್ಲಿ ಒಂದೇ ಕಣಿವೆಯನ್ನು ಹಂಚಿಕೊಂಡಿದ್ದಾರೆ. ನಮಗೆ ತೋರುವಂತೆ ಊರನ್ನು ಹಿಡಿದಿರಿಸಿದವು ಮೂರು. ನೆಲದ ಪ್ರತಿಯೊಂದು ತುಂಡಿಗೂ ಇರುವ ಹೆಸರು ಮೊದಲನೆಯದು. ವರ್ಷಕ್ಕೊಮ್ಮೆಯಾದರೂ ಆ ನೆಲವನ್ನು ಕೂಡಿ ನಡೆಯುವ ವಾಡಿಕೆ ಎರಡನೆಯದು. ಪೀಟಿನ ಕೊಯ್ಲಾಗಲಿ, ಸಭಾಮಂದಿರವಾಗಲಿ, 1884ರಲ್ಲಿ ಸ್ಥಾಪಿತವಾದ ಗೇಲಿಕ್ ಕ್ರೀಡಾಸಂಘದ ಪದ್ಧತಿಯಂತೆ ಪ್ಯಾರಿಷ್ಷಿನ ಹೆಸರಿನಲ್ಲಿಯೇ ಆಡುವ ಕಾಲ್ಚೆಂಡಾಗಲಿ, ಕೂಲಿಯನ್ನೆಣಿಸದೆ ಕೂಡಿ ಮಾಡುವ ಕೆಲಸ ಮೂರನೆಯದು. ಇವು ಮೂರೂ ತಾವಾಗಿಯೇ ನಡೆಯುವಂಥವಲ್ಲ; ಪ್ರತಿಯೊಂದು ತಲೆಮಾರಿನವರೂ ಅವನ್ನು ಮತ್ತೆ ಮಾಡಬೇಕು. ಐರಿಷನ್ನು ನಿತ್ಯವೂ ಆಡುವವರ ಸಂಖ್ಯೆ ಆ ಸೀಮೆಗಳಲ್ಲಿ ಇಂದಿಗೂ ಕುಗ್ಗುತ್ತಲೇ ಇದೆ. ಆದುದರಿಂದ ಗ್ಲೆನ್‌ಕೊಲಂಕಿಲ್ಲಿನವರ ಕಾರ್ಯವು ಮುಗಿದಿಲ್ಲ.

ಐರಿಷ್ ಮಕ್ಕಳು ಬರೆದ ಆ ಹಾಳೆಗಳನ್ನು ಈಗ ಯಂತ್ರದ ಮೂಲಕ ಚಿತ್ರ ತೆಗೆದು, ಜಗತ್ತಿನ ಯಾವ ಮೂಲೆಯಲ್ಲಿದ್ದವರೂ ಓದುವಂತೆ ಇರಿಸಿದ್ದಾರೆ. ಅಮೆರಿಕೆಯಲ್ಲಿಯೋ ಆಸ್ಟ್ರೇಲಿಯದಲ್ಲಿಯೋ ಹುಟ್ಟಿದ ಮೊಮ್ಮಗಳು, ತಾನು ಕಂಡರಿಯದ ಪ್ಯಾರಿಷ್ಷಿನಲ್ಲಿ ತನ್ನ ಅಜ್ಜಿಯು ಹನ್ನೆರಡನೆಯ ವಯಸ್ಸಿನಲ್ಲಿ ಬರೆದ ಅಕ್ಷರಗಳನ್ನು ಓದಬಹುದು. ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿಯೂ ಅವರ ತಂದೆತಾಯಿಗಳಲ್ಲಿಯೂ ನಾವು ಬೇಡಿಕೊಳ್ಳುವುದಿಷ್ಟೆ. ನಿಮ್ಮೂರಿನ ಹೊಲ, ಕೆರೆ, ಬಾವಿ, ಓಣಿಗಳ ಹೆಸರುಗಳನ್ನು ಬಲ್ಲ ಹಿರಿಯರು ಇನ್ನೂ ನಿಮ್ಮ ನಡುವೆ ಇರುವರು. ಮಕ್ಕಳ ಕೈಗೆ ಒಂದು ಪುಸ್ತಕವನ್ನು ಕೊಟ್ಟು ಅವರ ಬಳಿಗೆ ಕಳುಹಿಸಿರಿ, ಕೇಳಿ ಬರೆದುಕೊಳ್ಳಲಿ. ಈ ಕೆಲಸವನ್ನು ಮುಂದಿನ ರಜಕ್ಕೆಂದು ತಡಮಾಡಬೇಡಿರಿ.